ಎರವಲು ಟೈರಿನ ಎಫ್.ಸಿ.

ಇದು ಎರಡು ವರ್ಷದ ಹಿಂದಿನ ಆಷಾಢದ ಮಾತು. ಆ ದಿನದ ತಾರೀಖು ಆ ವರ್ಷದ ಎಫ್.ಸಿ. ಕಾಗದದ ಮೇಲೆ ಅಚ್ಚಾಗಿ ನನ್ನ ಮನೆಯ ಬೀರುವಿನಲ್ಲೇ ಇದೆ. ಆದರೂ ಅದನ್ನು ತೆಗೆದು ನೋಡುವ ಮನಸ್ಸು ನನಗೆ ಈವರೆಗೂ ಬಂದಿಲ್ಲ.

ನಮ್ಮದು ತೆರಕಣಾಂಬಿ ಪಕ್ಕದ ಒಂದು ಸಣ್ಣ ಹಳ್ಳಿ. ನನಗೊಂದು ವ್ಯಾನ್ ಇದೆ. ಬೆಳಿಗ್ಗೆ ನಮ್ಮೂರಿನ ಹನ್ನೆರಡು ಮಕ್ಕಳನ್ನು ಹತ್ತಿಸಿಕೊಂಡು ಗುಂಡ್ಲುಪೇಟೆಯ ಶಾಲೆಗೆ ಬಿಡುವುದು, ಸಂಜೆ ವಾಪಸ್ ತಂದು ಮನೆ ಮುಟ್ಟಿಸುವುದು, ಇದೇ ನನ್ನ ಕೆಲಸ. ಮಧ್ಯಾಹ್ನ ವ್ಯಾನನ್ನು ಹುಣಸೆಮರದ ನೆರಳಿಗೆ ಹಾಕಿ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತೇನೆ. ಒಟ್ಟಿನಲ್ಲಿ ಯಾರ ತಂಟೆಗೂ ಹೋಗದ ಮನುಷ್ಯ ಎಂದು ನನ್ನ ಬಗ್ಗೆ ನಾನೇ ಅಂದುಕೊಂಡಿದ್ದೆ.

ಬಾಡಿಗೆಗೆ ಓಡುವ ಗಾಡಿಗೆ ಎಫ್.ಸಿ. ಎಂದರೆ ಏನೆಂದು ಸ್ವಂತ ಕಾರು ಇಟ್ಟುಕೊಂಡವರಿಗೆ ಗೊತ್ತಿರಲಿಕ್ಕಿಲ್ಲ. ಗಾಡಿ ರಸ್ತೆಗೆ ಇಳಿಯಲು ಯೋಗ್ಯವಾಗಿದೆ ಎಂದು ಪರೀಕ್ಷೆ ಮಾಡಿ ಕೊಡುವ ಕಾಗದ ಅದು. ಹೊಸ ಗಾಡಿಗೆ ಎರಡು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು. ಎಂಟು ವರ್ಷ ತುಂಬಿದ ಮೇಲೆ ಮಾತ್ರ ಪ್ರತಿ ವರ್ಷವೂ ಮಾಡಿಸಲೇಬೇಕು. ನನ್ನ ವ್ಯಾನಿಗೆ ಆಗ ಒಂಬತ್ತು ನಡೆಯುತ್ತಿತ್ತು. ಗುಂಡ್ಲುಪೇಟೆ ತಾಲ್ಲೂಕಿನ ನಾವು ಮೊದಲು ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಅರ್ಜಿ ಹಾಕಿಸಿ, ದಿನ ಗೊತ್ತು ಮಾಡಿಸಿಕೊಂಡು, ಆ ದಿನ ಗಾಡಿ ಸಮೇತ ಚಾಮರಾಜನಗರದ ಆರ್.ಟಿ.ಓ. ಕಚೇರಿಗೆ ಹೋಗಬೇಕು. ನಿಲ್ಲಬೇಕು, ಕಾಯಬೇಕು, ಕರೆದಾಗ ಗಾಡಿ ತೋರಿಸಬೇಕು.

ಎಫ್.ಸಿ.ಗೆ ಹೊರಡುವ ಹಿಂದಿನ ವಾರ ಗಾಡಿಗೆ ಮದುವೆ ಕಳೆ ಬರುತ್ತದೆ. ಸತ್ತುಹೋಗಿದ್ದ ಇಂಡಿಕೇಟರ್‌ಗೆ ಜೀವ ಬರುತ್ತದೆ, ವೈಪರ್ ಆಡಲು ಶುರು ಮಾಡುತ್ತದೆ, ಹಳದಿ ಬಣ್ಣ ಹೊಳೆಯುತ್ತದೆ. ನನ್ನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ವರ್ಷದ ಮೇಲೆ ತೆರೆದು ನೋಡಿದರೆ ಅದರೊಳಗೆ ನನ್ನ ಹೆಂಡತಿ ರತ್ನ ತಲೆಪಿನ್ನು, ಸೂಜಿದಾರ ಹಾಕಿಟ್ಟಿದ್ದಳು. ಅದನ್ನೂ ಖಾಲಿ ಮಾಡಿ ಹೊಸ ಹತ್ತಿ, ಬ್ಯಾಂಡೇಜು ತುಂಬಿದೆ. ಎಲ್ಲವೂ ಸಿದ್ಧವಾಯಿತು. ಉಳಿದಿದ್ದು ಟೈರು ಮಾತ್ರ.

ನನ್ನ ನಾಲ್ಕೂ ಟೈರು ಸವೆದು ನುಣ್ಣಗಾಗಿದ್ದವು. ಬೇಸಿಗೆ ರಜದಲ್ಲೇ ಬದಲಾಯಿಸಬೇಕು ಎಂದುಕೊಂಡವನು, ಶಾಲೆ ತೆರೆಯಲಿ ಎಂದೆ. ಶಾಲೆ ತೆರೆದ ಮೇಲೆ ಮಳೆ ಹಿಡಿಯಲಿ ಎಂದೆ. ಮಳೆ ಹಿಡಿದ ಮೇಲೆ ಎಫ್.ಸಿ. ಮುಗಿಯಲಿ ಎಂದೆ. ನಾಳೆ ಎಂದವನ ಮನೆ ಹಾಳು ಎಂದು ನನ್ನ ತಾಯಿ ಹೇಳುತ್ತಿದ್ದ ಮಾತು ನೆನಪಿಗೆ ಬಂದರೂ ಅದು ಬೇರೆಯವರಿಗೆ ಹೇಳಿದ್ದು ಎನ್ನುವಂತೆ ಇದ್ದುಬಿಟ್ಟೆ.

ಹೀಗಿದ್ದವರಿಗೆಂದೇ ನಮ್ಮ ಕಡೆ ಚಾಲಕರಲ್ಲಿ ಒಂದು ಪದ್ಧತಿ ನಡೆದು ಬಂದಿದೆ. ಹೆಣ್ಣು ನೋಡಲು ಗಂಡಿನ ಕಡೆಯವರು ಬರುವ ದಿನ ಪಕ್ಕದ ಮನೆಯ ಸರ ಕೇಳಿ ತಂದು ಹುಡುಗಿಯ ಕೊರಳಿಗೆ ಹಾಕುತ್ತಾರಲ್ಲ, ಹಾಗೆ. ಒಂದೇ ಮಾದರಿಯ ಗಾಡಿ ಇರುವವರು ಎಫ್.ಸಿ. ದಿನ ಒಬ್ಬರಿಗೊಬ್ಬರು ಒಳ್ಳೆಯ ಟೈರು ಕೊಡುತ್ತಾರೆ. ಚಕ್ರ ಸಮೇತ ಬಿಚ್ಚಿ ಇವನದು ಅವನಿಗೆ, ಅವನದು ಇವನಿಗೆ. ಕೆಲಸ ಮುಗಿದ ಮೇಲೆ ಮತ್ತೆ ಅದಲುಬದಲು. ಇದನ್ನು ನಾವು ಯಾರೂ ಮೋಸ ಎಂದುಕೊಂಡವರಲ್ಲ. ಕೇಳಿದಾಗ ಕೊಡದವನನ್ನೇ ಕೆಟ್ಟವನು ಎನ್ನುತ್ತಿದ್ದೆವು.

ನನಗೆ ಟೈರು ಕೊಡುವವನು ಮಾದೇಶ. ನಮ್ಮ ಬೀದಿಯವನೇ, ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ವ್ಯಾನೂ ನನ್ನ ವ್ಯಾನೂ ಒಂದೇ ಮಾದರಿ. ಅವನು ಮಕ್ಕಳ ಬಾಡಿಗೆ ಹೊಡೆಯುವುದಿಲ್ಲ. ಮದುವೆ, ಬೀಗರೂಟ, ಮಾದಪ್ಪನ ಬೆಟ್ಟ, ಗೋಪಾಲಸ್ವಾಮಿ ಬೆಟ್ಟ ಎಂದು ಜನರನ್ನು ಕರೆದುಕೊಂಡು ಹೋಗಿ ಬರುತ್ತಾನೆ. ಬೆಟ್ಟ ಹತ್ತಿ ಇಳಿಯುವ ಗಾಡಿಯಾದ್ದರಿಂದ ಟೈರಿನ ವಿಷಯದಲ್ಲಿ ಬಹಳ ಹುಷಾರು. ಹೊಸ ಟೈರು ಹಾಕಿಸಿ ಆಗಿನ್ನೂ ಮೂರು ತಿಂಗಳಾಗಿರಲಿಲ್ಲ.

ಸಾಮಾನ್ಯವಾಗಿ ಟೈರು ಕೊಟ್ಟವನ ಗಾಡಿ ಆ ದಿನ ಮನೆ ಮುಂದೆ ನಿಂತಿರುತ್ತದೆ. ಅದೂ ಪದ್ಧತಿಯೇ. ನಾನು ತಪ್ಪಿದ್ದು ಅಲ್ಲಿ. ಆ ವಾರ ಶಾಲೆಯಲ್ಲಿ ಕಿರುಪರೀಕ್ಷೆ ಇತ್ತು, ಮಕ್ಕಳಿಗೆ ರಜ ಹಾಕಿಸಲು ಮನೆಯವರು ಒಪ್ಪುವ ಹಾಗಿರಲಿಲ್ಲ. ಹಿಂದಿನ ದಿನ ಸಂಜೆ ಮಾದೇಶನ ಮನೆ ಮುಂದೆ ಎರಡೂ ವ್ಯಾನು ನಿಲ್ಲಿಸಿ ಚಕ್ರ ಬದಲಾಯಿಸುತ್ತಿದ್ದಾಗ, ಒಂದು ದಿನದ ಮಟ್ಟಿಗೆ ಮಕ್ಕಳನ್ನು ನೀನೇ ಬಿಟ್ಟು ಕರೆದುಕೊಂಡು ಬಾ ಎಂದು ಅವನಿಗೆ ಹೇಳಿದೆ. ಅವನು ಆಗಷ್ಟೇ ತನ್ನ ಗಾಡಿಗೆ ತೊಡಿಸಿದ್ದ ನನ್ನ ಟೈರಿನ ಮೇಲೆ ಅಂಗೈ ಇಟ್ಟು ಸವರಿದ.

"ಅಣ್ಣ, ಇದ್ರ ಮ್ಯಾಲೆ ಮಕ್ಳುನ್ನ ಕೂರುಸ್ಕಂಡೋಗದಾ?" ಎಂದ.

ನನಗೆ ಸ್ವಲ್ಪ ಸಿಟ್ಟೇ ಬಂತು. "ಮೂರ್ ತಿಂಗ್ಳಿಂದ ನಾನು ಇದ್ರಲ್ಲೇ ಓಡುಸ್ತಿಲ್ವೇನ್ಲಾ? ಏನಾಗದೆ ನಂಗೆ? ಒಂದ್ ದಿವ್ಸುಕ್ಕೆ ಸಾಯ್ತಿಯ?" ಎಂದೆ.

ಹಿರಿಯನ ಮಾತಿಗೆ ಎದುರಾಡುವ ಜಾಯಮಾನ ಅವನದಲ್ಲ. ನಟ್ಟು ಬಿಗಿ ಮಾಡಿ ಕೈ ಒರೆಸಿಕೊಂಡು ಒಳಗೆ ಹೋದ.

ಇನ್ನೊಂದು ಸಣ್ಣ ಸಂಗತಿ ಹೇಳಿಬಿಡಬೇಕು. ಎಫ್.ಸಿ.ಗೆ ಗಾಡಿಯ ಚಾಸಿಸ್ ನಂಬರಿನ ಅಚ್ಚು ಬೇಕು. ಕಬ್ಬಿಣದಲ್ಲಿ ಕೊರೆದಿರುವ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ಲಿನಿಂದ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಆ ಸಂಜೆ ಮಕ್ಕಳನ್ನು ಇಳಿಸುವಾಗ ಯಾರಾದರೂ ಒಂದು ಪೆನ್ಸಿಲ್ ಕೊಡಿ ಎಂದು ಕೇಳಿದ್ದೆ. ಎರಡನೇ ತರಗತಿಯ ಸಿಂಚನ ತನ್ನ ಡಬ್ಬಿ ತೆಗೆದು, ಇದ್ದುದರಲ್ಲಿ ಉದ್ದವಾದದ್ದನ್ನು ಆರಿಸಿ ಕೊಟ್ಟಳು. ಹಿಂಬದಿಯನ್ನು ಕಚ್ಚಿ ಕಚ್ಚಿ ಹಲ್ಲಿನ ಗುರುತು ಮೂಡಿತ್ತು. ನಾಳೆ ವಾಪಸ್ ಕೊಡುತ್ತೇನೆ ಎಂದು ನನ್ನಿಂದ ಎರಡು ಸಲ ಹೇಳಿಸಿಕೊಂಡು ಇಳಿದಳು.

ಮರುದಿನ ಬೆಳಿಗ್ಗೆ ಮಾದೇಶ ಮಕ್ಕಳನ್ನು ಹತ್ತಿಸಿಕೊಂಡು ಗುಂಡ್ಲುಪೇಟೆ ಕಡೆ ಹೋದ. ನಾನು ಅವನ ಟೈರಿನ ಮೇಲೆ ಚಾಮರಾಜನಗರದ ಕಡೆ ಹೊರಟೆ. ನಿಜ ಹೇಳಬೇಕೆಂದರೆ ಗಾಡಿ ಓಡಿಸುವುದೇ ಒಂದು ಸುಖವಾಗಿತ್ತು. ತಿರುವಿನಲ್ಲಿ ರಸ್ತೆಯನ್ನು ಕಚ್ಚಿ ಹಿಡಿಯುತ್ತಿತ್ತು, ಬ್ರೇಕ್ ಒತ್ತಿದರೆ ಒತ್ತಿದ ಜಾಗದಲ್ಲೇ ನಿಲ್ಲುತ್ತಿತ್ತು. ಎಷ್ಟು ದಿನದಿಂದ ನನ್ನ ಗಾಡಿ ಹೀಗೆ ಓಡುತ್ತಿರಲಿಲ್ಲ ಎಂಬ ಯೋಚನೆ ಮಾತ್ರ ಅವತ್ತು ತಲೆಗೆ ಬರಲಿಲ್ಲ.

ಆ ದಿನ ಕಚೇರಿಯ ಮುಂದೆ ಗಾಡಿಗಳ ಸಾಲು ಉದ್ದವಿತ್ತು. ಆಟೋ, ಸಾಮಾನು ಸಾಗಿಸುವ ಗಾಡಿ, ಒಂದೆರಡು ಲಾರಿ. ನನ್ನ ಮುಂದೆ ಉಡಿಗಾಲದ ಒಬ್ಬ ಹಿರಿಯರು ತಮ್ಮ ಸಾಮಾನು ಗಾಡಿ ನಿಲ್ಲಿಸಿಕೊಂಡಿದ್ದರು. ತರಕಾರಿ ಮೂಟೆ ಹೊರುವ ಗಾಡಿ. ಅವರ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ಎರಡು ದಾಟಿತ್ತು. ಇನ್ಸ್‌ಪೆಕ್ಟರು ಟೈರು ನೋಡಿದವರೇ ತಲೆಯಾಡಿಸಿ, ಇದು ಆಗುವುದಿಲ್ಲ, ಹೊಸದು ಹಾಕಿಸಿಕೊಂಡು ಬನ್ನಿ ಎಂದರು. ಹಿರಿಯರು ವಾದ ಮಾಡಲಿಲ್ಲ. ಸರಿ ಸ್ವಾಮಿ ಎಂದು ಕಾಗದ ಮಡಚಿಕೊಂಡು ಪಕ್ಕಕ್ಕೆ ನಿಂತರು. ಪಾಪ, ಇವರಿಗೆ ಟೈರು ಕೊಡುವ ಸ್ನೇಹಿತರಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಆಮೇಲೆ ನನ್ನ ಸರದಿ. ಇನ್ಸ್‌ಪೆಕ್ಟರು ನಡುವಯಸ್ಸಿನ ಗಂಭೀರ ಮನುಷ್ಯ. ಲೈಟು, ಹಾರ್ನು, ಬ್ರೇಕು, ತುರ್ತು ಬಾಗಿಲು ಎಲ್ಲ ನೋಡಿದರು. ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ನೋಡಿದರು. ಕೊನೆಗೆ ಟೈರಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ನನ್ನ ಜೇಬಿನಲ್ಲಿ ಇಣುಕುತ್ತಿದ್ದ ಪೆನ್ಸಿಲ್ಲಿಗೆ ಕೈಚಾಚಿದರು. ಅದರ ಮೊನೆಯನ್ನು ಟೈರಿನ ಗೀರಿನೊಳಕ್ಕೆ ಇಳಿಸಿದರು. ಸೀಸದ ಭಾಗವೆಲ್ಲ ಒಳಗೆ ಹೋಗಿ ಮರದವರೆಗೂ ಮುಳುಗಿತು. ಒಂದಾದ ಮೇಲೆ ಒಂದು ನಾಲ್ಕೂ ಚಕ್ರಕ್ಕೆ ಹೀಗೆ ಮಾಡಿ ಎದ್ದು ನಿಂತರು.

"ಮಕ್ಕಳ ಗಾಡಿ ಅಂದ್ರೆ ಹೀಗಿಟ್ಕೊಬೇಕು ನೋಡಿ" ಎಂದರು. ನನಗೆ ಹೇಳಿದ್ದಲ್ಲ. ಪಕ್ಕದಲ್ಲಿ ನಿಂತಿದ್ದ ಉಡಿಗಾಲದ ಹಿರಿಯರಿಗೆ ಹೇಳಿದ್ದು.

ಆ ಹಿರಿಯರು ನಿಜವಾಗಿಯೂ ಬಂದು ಬಗ್ಗಿ ನೋಡಿದರು. ಯಾವ ಅಂಗಡಿಯಲ್ಲಿ ಹಾಕಿಸಿದಿರಿ, ಎಷ್ಟು ದಿನ ಬಾಳಿಕೆ ಬರುತ್ತದೆ ಎಂದು ನನ್ನನ್ನು ಮರ್ಯಾದೆಯಿಂದ ಕೇಳಿದರು. ನಾನು ಬಾಯಿಗೆ ಬಂದ ಒಂದು ಅಂಗಡಿಯ ಹೆಸರು ಹೇಳಿ, ಬೇರೆ ಕಡೆ ತಿರುಗಿಕೊಂಡೆ. ಅವರು ತಮ್ಮ ಸವೆದ ಟೈರನ್ನು ಇದ್ದ ಹಾಗೇ ತಂದು ತೋರಿಸಿದ್ದರು. ನನ್ನ ಕಿವಿ ಬಿಸಿಯಾಗಿದ್ದು ಗೊತ್ತಾಯಿತು. ಆದರೆ ಕೆಲಸ ಆಯಿತಲ್ಲ ಎಂಬ ನೆಮ್ಮದಿ ಅದಕ್ಕಿಂತ ದೊಡ್ಡದಾಗಿತ್ತು.

ಉಳಿದ ಕೆಲಸ ಮುಗಿಸಿ, ಟೀ ಕುಡಿದು ಗಾಡಿ ಹತ್ತುವ ಹೊತ್ತಿಗೆ ನಾಲ್ಕು ಗಂಟೆ. ಸಣ್ಣಗೆ ಹನಿ ಬೀಳುತ್ತಿತ್ತು. ಆಗ ಮಾದೇಶನ ಫೋನು ಬಂತು.

"ಅಣ್ಣ, ಗಾಬರಿ ಆಗ್ಬ್ಯಾಡ. ಮಕ್ಳೆಲ್ಲಾ ಚೆಂದಾಗವ್ರೆ" ಎಂದ. ಇಂಥ ಮಾತಿನಿಂದ ಶುರುವಾಗುವ ಫೋನು ಎಂಥದೆಂದು ಮಕ್ಕಳನ್ನು ಓಡಾಡಿಸುವ ಯಾರಿಗಾದರೂ ಗೊತ್ತು. ಗುಂಡ್ಲುಪೇಟೆಯಿಂದ ಮಕ್ಕಳನ್ನು ಕರೆದುಕೊಂಡು ಬರುವಾಗ ಹಿಂದಿನ ಎಡ ಟೈರು ಸಿಡಿದಿತ್ತು. ಒದ್ದೆ ರಸ್ತೆಯಲ್ಲಿ ವ್ಯಾನು ಎಳೆದಾಡಿ, ರಸ್ತೆ ಬಿಟ್ಟು ಇಳಿದು, ಒಂದು ಸೂರ್ಯಕಾಂತಿ ಹೊಲದ ಬದುವಿಗೆ ತಗುಲಿ ನಿಂತಿತ್ತು. ಚಕ್ರ ಕೆಸರಲ್ಲಿ ಹೂತಿದೆ, ಮಕ್ಕಳನ್ನು ಮನೆ ಮುಟ್ಟಿಸಲು ನೀನು ಬಾ ಎಂದ.

ಸುಮಾರು ಮುಕ್ಕಾಲು ಗಂಟೆಯ ದಾರಿ. ಅಷ್ಟು ಹೊತ್ತು ನನ್ನ ಕಣ್ಣ ಮುಂದೆ ಇದ್ದದ್ದು ಆ ಎಡಗಡೆಯ ಹಿಂದಿನ ಟೈರು ಒಂದೇ. ಅದರ ಒಳಮಗ್ಗುಲಲ್ಲಿ ನೂಲು ಕಾಣಿಸುತ್ತಿತ್ತು. ನಾನು ಅದನ್ನು ನೋಡಿದ್ದೆ. ಮೂರು ತಿಂಗಳಿಂದ ನೋಡುತ್ತಲೇ ಇದ್ದೆ. ನನ್ನ ಗಾಡಿಯಲ್ಲಿ ಇದ್ದಾಗ ಒಂದು ದಿನವೂ ಹೆದರಿಕೆಯಾಗದ ಟೈರು, ಬೇರೊಬ್ಬನ ಗಾಡಿಗೆ ಹೋದ ಮೇಲೆ ನನ್ನನ್ನು ಹೆದರಿಸಿತು. ಹಾಗೇಕೆ ಎಂದು ನನಗೆ ಇವತ್ತಿಗೂ ನೆಟ್ಟಗೆ ಹೇಳಲು ಬರುವುದಿಲ್ಲ.

ನಾನು ಹೋಗುವಷ್ಟರಲ್ಲಿ ಮಳೆ ನಿಂತಿತ್ತು. ಮಕ್ಕಳು ರಸ್ತೆಬದಿಯ ಮರದ ಕೆಳಗೆ ಚೀಲಗಳನ್ನು ಗುಡ್ಡೆ ಹಾಕಿ ಕೂತಿದ್ದರು. ಒಬ್ಬೊಬ್ಬರನ್ನೇ ಎಣಿಸಿದೆ, ಹನ್ನೆರಡು ಜನವೂ ಇದ್ದರು. ಸಿಂಚನಾಳ ಹಣೆ ಮುಂದಿನ ಸೀಟಿಗೆ ಬಡಿದು ಬುಗುಟು ಎದ್ದಿತ್ತು, ಮಿಕ್ಕವರಿಗೆ ಏನೂ ಆಗಿರಲಿಲ್ಲ. ವ್ಯಾನು ಬದುವಿಗೆ ಒರಗಿಕೊಂಡು ನಿಂತಿದ್ದ ಜಾಗದಿಂದ ನಾಲ್ಕು ಮಾರು ಮುಂದೆ ಒಂದು ಆಳವಾದ ಮೋರಿ ಇತ್ತು. ಅದನ್ನು ನಾನೂ ನೋಡಿದೆ, ಮಾದೇಶನೂ ನೋಡಿದ.

ಅಷ್ಟರಲ್ಲಿ ಸುದ್ದಿ ಊರು ಮುಟ್ಟಿ ಕೆಲವರು ಸ್ಕೂಟರು, ಬೈಕಿನಲ್ಲಿ ಬಂದಿದ್ದರು. ಸಿಂಚನಾಳ ತಾತ ಪುಟ್ಟಮಾದಪ್ಪನವರೂ ಇದ್ದರು. ನಮ್ಮೂರಿನಲ್ಲಿ ಅವರ ಮಾತಿಗೆ ತೂಕವಿದೆ. ಮೊಮ್ಮಗಳ ಹಣೆಯನ್ನು ಮುಟ್ಟಿ ನೋಡಿ, ನಿಧಾನಕ್ಕೆ ಮಾದೇಶನ ವ್ಯಾನಿನ ಸುತ್ತ ಒಂದು ಸುತ್ತು ಬಂದರು. ಉಳಿದ ಮೂರು ಟೈರುಗಳನ್ನೂ ನೋಡಿದರು.

"ಏನ್ಲಾ ಮಾದೇಶ, ಟೈರೆಲ್ಲಾ ನನ್ ಬೋಳ್ ತಲೆ ಇದ್ದಂಗವೆ. ಇದ್ರಲ್ಲಿ ಮಕ್ಳುನ್ನ ತುಂಬ್ಕಂಡ್ ಬಂದಿದ್ದಿಯಲ್ಲಾ, ನೀನು ಮನ್ಸನಾ?" ಎಂದರು. ಆಮೇಲೆ ಅಲ್ಲಿದ್ದವರ ಕಡೆ ತಿರುಗಿ, "ಇವುನ್ ಗಾಡಿಗೆ ಇನ್ಮ್ಯಾಲೆ ಯಾರೂ ಅತ್ಬ್ಯಾಡಿ. ಮದ್ವೆಗೂ ಬ್ಯಾಡ, ತಿಥಿಗೂ ಬ್ಯಾಡ" ಎಂದರು.

ಮಾದೇಶ ತಲೆಯೆತ್ತಿ ಒಮ್ಮೆ ನನ್ನ ಮುಖ ನೋಡಿದ, ಅಷ್ಟೆ. ಆಮೇಲೆ ಬಗ್ಗಿ ಕೆಸರಿನಲ್ಲಿ ಜಾಕಿ ಊರಲು ಕಲ್ಲು ಹುಡುಕತೊಡಗಿದ. ನಾನು ಹೇಳಬೇಕಾಗಿದ್ದು ಆ ಗಳಿಗೆಯಲ್ಲಿ. ಬಾಯಿ ತೆರೆದರೆ ಸಾಕಿತ್ತು. ಆದರೆ ನನ್ನ ವ್ಯಾನಿನ ಹೊಳೆಯುವ ಹಳದಿ ಬಣ್ಣ, ಹೊಸ ಟೈರು, ಜೇಬಿನಲ್ಲಿರುವ ಕಾಗದ, ಹನ್ನೆರಡು ಮಕ್ಕಳ ಬಾಡಿಗೆ ಎಲ್ಲ ಒಟ್ಟಿಗೆ ಅಡ್ಡ ಬಂದವು. ಸುಮ್ಮನೆ ಮಕ್ಕಳನ್ನು ಹತ್ತಿಸಿಕೊಂಡೆ. ಸದ್ಯ ನೀನು ಬಂದೆಯಲ್ಲಪ್ಪ ಎಂದು ಒಬ್ಬರು ನನ್ನ ಬೆನ್ನು ಬೇರೆ ತಟ್ಟಿದರು.

ದಾರಿಯಲ್ಲಿ ಸಿಂಚನ ನನ್ನ ಹಿಂದಿನ ಸೀಟಿನಲ್ಲೇ ಕೂತಿದ್ದಳು. ತಾತ ಬೈಕಿನಲ್ಲಿ ಹಿಂದೆ ಬರುತ್ತಿದ್ದರು. ನನಗೆ ನೆನಪಾಗಿ ಜೇಬಿನಿಂದ ಪೆನ್ಸಿಲ್ ತೆಗೆದು ಹಿಂದಕ್ಕೆ ಕೊಟ್ಟೆ. ಅವಳು ತೆಗೆದುಕೊಂಡು, ಮೊನೆ ಮುರಿದಿಲ್ಲವೆಂದು ನೋಡಿ ಡಬ್ಬಿಗೆ ಹಾಕಿಕೊಂಡಳು.

"ಅಂಕಲ್, ನಿಮ್ ಗಾಡಿ ಆಗಿದ್ರೆ ಟೈರ್ ಒಡೀತಾನೇ ಇರ್ಲಿಲ್ಲ ಅಲ್ವಾ?" ಎಂದಳು.

ನಾನು ಹೂಂ ಎಂದೆ.

ಜೀವನದಲ್ಲಿ ನಾನು ಸಣ್ಣಪುಟ್ಟ ಸುಳ್ಳು ಬೇಕಾದಷ್ಟು ಹೇಳಿದ್ದೇನೆ. ಆದರೆ ಆ ಹೂಂ ಎಂದದ್ದನ್ನು ಮರೆಯಲು ನನ್ನಿಂದ ಆಗಲಿಲ್ಲ. ಮನೆಗೆ ಬಂದ ಮೇಲೆ ರತ್ನ, ಎಫ್.ಸಿ. ಆಯಿತಾ ಎಂದು ಕೇಳಿದಳು. ಆಯಿತು ಎಂದೆ. ಆ ಕಾಗದವನ್ನು ದೇವರ ಮುಂದೆ ಇಡಲು ಹೋದಳು. ಬೇಡ, ಬೀರುವಿನಲ್ಲಿಡು ಎಂದು ಹೇಳಿ ಹೋಗಿ ಮಲಗಿಬಿಟ್ಟೆ. ಅವಳಿಗೆ ಎಲ್ಲ ಅರ್ಥವಾಯಿತೋ ಏನೋ, ಊಟಕ್ಕೆ ಎಬ್ಬಿಸಲೂ ಇಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೇ ಮಾದೇಶ ತನ್ನ ವ್ಯಾನನ್ನು ನನ್ನ ಮನೆ ಮುಂದೆ ತಂದು ನಿಲ್ಲಿಸಿದ. ಟ್ರ್ಯಾಕ್ಟರ್ ಹಿಡಿದು ಎಳೆಸಿ, ತನ್ನ ಸ್ಟೆಪ್ನಿ ಹಾಕಿ ನಿಧಾನಕ್ಕೆ ಊರಿಗೆ ತಂದಿದ್ದ. ಚಕ್ರ ಅದಲುಬದಲು ಮಾಡಿಕೊಳ್ಳೋಣ ಎಂದು ಬಂದಿದ್ದ. ಇಬ್ಬರೂ ನಟ್ಟು ಬಿಚ್ಚತೊಡಗಿದೆವು. ಸ್ವಲ್ಪ ಹೊತ್ತಾದ ಮೇಲೆ ಅವನೇ, ಭಾನುವಾರ ಮಾದಪ್ಪನ ಬೆಟ್ಟಕ್ಕೆ ಬರುತ್ತೇವೆಂದಿದ್ದವರು ಬೇಡ ಎಂದು ಹೇಳಿ ಕಳಿಸಿದ್ದಾರೆ ಎಂದ. ಊರಿನ ಇನ್ನೊಂದು ಮನೆಯವರು ಬೀಗರೂಟಕ್ಕೆ ಬೇರೆ ಗಾಡಿ ಗೊತ್ತು ಮಾಡಿದ್ದಾರೆ ಎಂದ. ದೂರುವ ಧಾಟಿಯಲ್ಲಿ ಹೇಳಲಿಲ್ಲ, ಸುದ್ದಿ ಹೇಳುವವನ ಹಾಗೆ ಹೇಳಿದ.

ನಿನ್ನೆ ನೀನು ಯಾಕೆ ನಿಜ ಹೇಳಲಿಲ್ಲ ಎಂದು ನಾನು ಕೇಳಿದೆ. ಕೇಳುವಾಗಲೇ ಎಂಥ ನಾಚಿಕೆಗೆಟ್ಟ ಪ್ರಶ್ನೆ ಇದು ಅನ್ನಿಸಿತು.

"ಬುಡಣ್ಣ, ನಾಕ್ ದಿನಕ್ಕೆ ಮರ್ತೋಯ್ತರೆ" ಎಂದ. ಕೊನೆಯ ನಟ್ಟು ಬಿಗಿ ಮಾಡಿ ಎದ್ದು ನಿಂತು, ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತ, "ನಾನು ಒಂದ್ ದಿವ್ಸ ಓಡುಸ್ದೆ, ಅಷ್ಟೇಯ. ಮೂರ್ ತಿಂಗ್ಳಿಂದ ಓಡುಸ್ತಿವ್ನಿ ಅಂತ ನೀನೇ ಅಂದೆಯಲ್ಲ, ಅದೇ ರಾತ್ರಿಯೆಲ್ಲಾ ತಲ್ಯಾಗೆ ಕೊರೀತಿತ್ತು" ಎಂದ.

ಬೈದಿದ್ದರೆ ಬದಲಿಗೆ ಏನಾದರೂ ಬೈಯಬಹುದಿತ್ತು. ಅವನು ಬೈಯಲಿಲ್ಲ. ತನ್ನ ಒಳ್ಳೆಯ ಚಕ್ರಗಳ ಮೇಲೆ ಗಾಡಿ ಓಡಿಸಿಕೊಂಡು ಹೊರಟುಹೋದ. ನನ್ನ ವ್ಯಾನು ಮೂರು ನುಣ್ಣನೆಯ ಟೈರು ಮತ್ತು ನನ್ನದೇ ಸ್ಟೆಪ್ನಿಯ ಮೇಲೆ ನಿಂತಿತ್ತು. ಅದರ ಎಫ್.ಸಿ.ಗೆ ಇನ್ನೂ ಒಂದು ವರ್ಷದ ವಾಯಿದೆ ಇತ್ತು.

ಎಂಟು ಗಂಟೆಗೆ ಮಕ್ಕಳು ನಮ್ಮೂರ ಅರಳಿಕಟ್ಟೆಯ ಹತ್ತಿರ ಸೇರುತ್ತಾರೆ. ಅವತ್ತು ಹಿಂದಿನ ದಿನದ ಗಾಬರಿಯಿಂದ ದೊಡ್ಡವರೂ ಹೆಚ್ಚಾಗಿ ಬಂದಿದ್ದರು. ನಾನು ವ್ಯಾನನ್ನು ಮನೆ ಹತ್ತಿರವೇ ಬಿಟ್ಟು ನಡೆದುಕೊಂಡು ಹೋದೆ. ಗಾಡಿ ಎಲ್ಲಿ ಎಂದು ಒಬ್ಬರು ಕೇಳಿದರು. ಪುಟ್ಟಮಾದಪ್ಪನವರು ಕಟ್ಟೆಯ ಮೇಲೆ ಕೂತಿದ್ದರು, ಸಿಂಚನ ಅವರ ತೊಡೆಗೆ ಒರಗಿ ನಿಂತಿದ್ದಳು. ನಾನು ಅವರಿಗೇ ಹೇಳಿದೆ.

"ಯಜಮಾನ್ರೆ, ನಿನ್ನೆ ಒಡ್ದೋದ ಟೈರು ಮಾದೇಶಂದಲ್ಲ. ನಂದು."

ಮೊದಲ ಮಾತು ಹೊರಗೆ ಬಂದ ಮೇಲೆ ಮಿಕ್ಕದ್ದು ತಾನಾಗಿ ಬಂತು. ಟೈರು ಬದಲಾಯಿಸಿಕೊಂಡದ್ದು, ಮಾದೇಶ ಬೇಡವೆಂದರೂ ನಾನು ಬಾಯಿ ಮುಚ್ಚಿಸಿದ್ದು, ಇನ್ಸ್‌ಪೆಕ್ಟರು ಸಿಂಚನಾಳ ಪೆನ್ಸಿಲ್ಲನ್ನು ಗೀರಿನೊಳಗೆ ಇಳಿಸಿ ನನ್ನನ್ನು ಹೊಗಳಿದ್ದು, ಶಾಲೆ ತೆರೆದಾಗಿನಿಂದ ಈ ಮಕ್ಕಳು ಆ ಟೈರಿನ ಮೇಲೆಯೇ ಶಾಲೆಗೆ ಹೋಗಿ ಬಂದದ್ದು, ಎಲ್ಲ ಹೇಳಿದೆ. ಹೊಸ ಟೈರು ಹಾಕಿಸುವವರೆಗೆ ಗಾಡಿ ತೆಗೆಯುವುದಿಲ್ಲ, ಆಮೇಲೂ ಮಕ್ಕಳನ್ನು ಕಳಿಸುವುದು ಬಿಡುವುದು ನಿಮ್ಮ ಇಷ್ಟ ಎಂದೆ.

ಯಾರೂ ಕೂಗಾಡಲಿಲ್ಲ. ಪುಟ್ಟಮಾದಪ್ಪನವರು ಮಾತ್ರ, "ನಿನ್ನೆ ಅವುನ್ನ ಅಷ್ಟೊಂದ್ ಅಂದ್ನಲ್ಲಾ, ಆಗ ನೀನು ಅಲ್ಲೇ ನಿಂತಿದ್ದೆ" ಎಂದರು. ನಾನು ತಲೆ ತಗ್ಗಿಸಿದೆ. ಅವರು ಮೊಮ್ಮಗಳ ಕೈ ಹಿಡಿದುಕೊಂಡು ಎದ್ದು, ನೇರ ಮಾದೇಶನ ಮನೆಯ ಕಡೆ ನಡೆದರು. ಸಿಂಚನ ಒಮ್ಮೆ ಹಿಂತಿರುಗಿ ನನ್ನ ಕಡೆ ನೋಡಿದಳು. ಬೆಳೆದವರ ನೋಟವನ್ನು ತಡೆದುಕೊಳ್ಳಬಹುದು, ಆ ಮಗುವಿನ ನೋಟವನ್ನು ತಡೆದುಕೊಳ್ಳಲಾಗಲಿಲ್ಲ.

ಮಾದೇಶನ ಮನೆಯಲ್ಲಿ ಅವರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಅವನೂ ಹೇಳಲಿಲ್ಲ. ಆ ಭಾನುವಾರ ಪುಟ್ಟಮಾದಪ್ಪನವರೇ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮಾದೇಶನ ವ್ಯಾನಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗಿ ಬಂದರು. ಊರವರೆಲ್ಲ ನೋಡಲಿ ಎಂದು ಬೇಕೆಂದೇ ಕಟ್ಟೆಯ ಮುಂದೆ ನಿಲ್ಲಿಸಿ ಹತ್ತಿದರು. ಅದಕ್ಕಿಂತ ಹೆಚ್ಚಿನ ಮಾತು ಬೇಕಾಗಲಿಲ್ಲ. ಅವನಿಗೆ ಬರಬೇಕಾದ ಬಾಡಿಗೆಗಳು ಮೊದಲಿನಂತೆ ಬಂದವು.

ನನಗೆ ಮಾತ್ರ ಸುಲಭವಾಗಲಿಲ್ಲ. ಎರಡು ದಿನ ಬಿಟ್ಟು ಸ್ಟೆಪ್ನಿಯೂ ಸೇರಿ ಐದೂ ಹೊಸ ಟೈರು ಹಾಕಿಸಿಕೊಂಡು ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿದಾಗ ಹನ್ನೆರಡರಲ್ಲಿ ಏಳು ಮಕ್ಕಳು ಬಂದರು. ಐವರು ಬರಲಿಲ್ಲ. ಸಿಂಚನಾಳನ್ನು ತಾತ ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಎಷ್ಟೋ ಸಲ ನನ್ನ ವ್ಯಾನಿನ ಮುಂದೆಯೇ ಹೋಗುತ್ತಿದ್ದರು. ನಾನು ಹಿಂದಿಕ್ಕದೆ ಅವರ ಹಿಂದೆಯೇ ನಿಧಾನಕ್ಕೆ ಹೋಗುತ್ತಿದ್ದೆ. ಅವರನ್ನು ದಾಟಿ ಮುಂದೆ ಹೋಗುವ ಧೈರ್ಯ ನನಗೆ ಇರಲಿಲ್ಲ.

ಹೀಗೆ ಮೂರು ವಾರ ಕಳೆಯಿತು. ಶ್ರಾವಣದ ಒಂದು ಬೆಳಿಗ್ಗೆ ನಾನು ಕಟ್ಟೆಯ ಹತ್ತಿರ ಬಂದಾಗ ತಾತ ಮೊಮ್ಮಗಳು ಇಬ್ಬರೂ ನಿಂತಿದ್ದರು. ಬೈಕು ಕಾಣಲಿಲ್ಲ. ನಾನು ಗಾಡಿ ನಿಲ್ಲಿಸಿ ಇಳಿದೆ. ಪುಟ್ಟಮಾದಪ್ಪನವರು ನನ್ನ ಕಡೆ ತಿರುಗದೆ ಮೊಮ್ಮಗಳಿಗೆ, "ಪೆನ್ಸಿಲ್ ತಗಿಯವ್ವ" ಎಂದರು.

ಸಿಂಚನ ಡಬ್ಬಿ ತೆಗೆದಳು. ಅದೇ ಕಚ್ಚಿದ ಪೆನ್ಸಿಲ್, ಚೂಪು ಮಾಡಿ ಮಾಡಿ ಗಿಡ್ಡವಾಗಿತ್ತು. ತಾತ ಹೇಳಿಕೊಟ್ಟ ಹಾಗೆ ಮುಂದಿನ ಚಕ್ರದ ಹತ್ತಿರ ಕೂತು ಗೀರಿನೊಳಕ್ಕೆ ಮೊನೆ ಇಳಿಸಿದಳು. ಎದ್ದು ಇನ್ನೊಂದಕ್ಕೆ ಹೋದಳು. ನಾಲ್ಕೂ ಮುಗಿಯುವವರೆಗೆ ಯಾರೂ ಗಾಡಿ ಹತ್ತಲಿಲ್ಲ. ನಾನು ಚಾಮರಾಜನಗರದಲ್ಲಿ ನಿಂತಿದ್ದಕ್ಕಿಂತ ನೆಟ್ಟಗೆ ನಿಂತಿದ್ದೆ.

"ಓಯ್ತದಾ?" ಎಂದು ತಾತ ಕೇಳಿದರು.

"ಓಯ್ತದೆ ತಾತ. ಕರ್ರಗಿರದೆಲ್ಲಾ ಒಳಿಕ್ಕೋಯ್ತದೆ" ಎಂದಳು.

"ಅಂಗಾದ್ರೆ ಅತ್ತು" ಎಂದರು. ಆಮೇಲೆ ನನ್ನ ಕಡೆ ನೋಡಿ, ಉಷಾರು ಎಂದಷ್ಟೇ ಹೇಳಿ ಮನೆ ಕಡೆ ಹೋದರು. ನನಗೆ ಕಣ್ಣು ತುಂಬಿ ಬಂತು. ಮಕ್ಕಳ ಮುಂದೆ ತೋರಿಸಿಕೊಳ್ಳಬಾರದೆಂದು ಕನ್ನಡಿ ಸರಿಮಾಡುವವನಂತೆ ಸ್ವಲ್ಪ ಹೊತ್ತು ಆ ಕಡೆ ತಿರುಗಿ ನಿಂತೆ. ಉಳಿದ ಮಕ್ಕಳೂ ತಿಂಗಳೊಪ್ಪತ್ತಿನಲ್ಲಿ ಒಬ್ಬೊಬ್ಬರಾಗಿ ವಾಪಸ್ ಬಂದರು.

ಮರುವರ್ಷದ ಎಫ್.ಸಿ.ಗೆ ನನ್ನದೇ ಟೈರಿನ ಮೇಲೆ ಹೋದೆ. ಮಾದೇಶನನ್ನು ಏನೂ ಕೇಳಲಿಲ್ಲ, ಅವನೂ ಅಲ್ಲಿಂದೀಚೆಗೆ ಯಾರಿಗೂ ಟೈರು ಕೊಟ್ಟಿಲ್ಲ. ಅದೇ ಇನ್ಸ್‌ಪೆಕ್ಟರು ಇದ್ದರು. ಟೈರು ನೋಡಿದರು, ಎದ್ದರು, ಬರೆದುಕೊಂಡರು. ಈ ಸಲ ಹೊಗಳಲಿಲ್ಲ. ಹೊಗಳದೆ ಇದ್ದದ್ದು ನನಗೆ ಎಷ್ಟು ಹಿತವಾಗಿತ್ತೆಂದರೆ, ಉಡಿಗಾಲದ ಆ ಹಿರಿಯರು ಎಲ್ಲಾದರೂ ಸಿಕ್ಕಾರೇ ಎಂದು ಸಾಲಿನಲ್ಲೆಲ್ಲ ಹುಡುಕಿದೆ. ಅವರು ಸಿಗಲಿಲ್ಲ. ಸಿಕ್ಕಿದ್ದರೆ ಆ ಅಂಗಡಿಯ ಹೆಸರು ಸುಳ್ಳು ಎಂದು ಹೇಳಬೇಕೆಂದಿದ್ದೆ.

ಸಿಂಚನ ಈಗ ನಾಲ್ಕನೇ ತರಗತಿ. ಪೆನ್ಸಿಲ್ಲುಗಳು ಎಷ್ಟೋ ಬದಲಾಗಿವೆ. ಹೊಸಬರು ಯಾರಾದರೂ ಎಫ್.ಸಿ. ಎಲ್ಲಿ, ಯಾವಾಗ ಮಾಡಿಸುತ್ತೀರಿ ಎಂದು ಕೇಳಿದರೆ, ವರ್ಷಕ್ಕೊಂದು ಸಲ ಚಾಮರಾಜನಗರದಲ್ಲಿ ಎನ್ನುತ್ತೇನೆ. ಅದು ಕಾಗದದ ಲೆಕ್ಕ. ದಿನವೂ ಎಂಟು ಗಂಟೆಗೆ ನಮ್ಮೂರ ಅರಳಿಕಟ್ಟೆಯ ಹತ್ತಿರ ಇನ್ನೊಂದು ನಡೆಯುತ್ತದೆ. ಸಿಂಚನ ಚೀಲ ಕೆಳಗಿಟ್ಟು ನಾಲ್ಕೂ ಚಕ್ರ ಸುತ್ತಿ ಬಂದು "ಸರಿಯಾಗದೆ ಅಂಕಲ್" ಎನ್ನುತ್ತಾಳೆ. ಅವಳು ಹಾಗೆನ್ನುವವರೆಗೆ ನಾನು ಕೀಲಿ ತಿರುಗಿಸುವುದಿಲ್ಲ.